ಸೊಂಟ ನೋವಿಗೆ ಸೂಜಿಯೋ, ಎಣ್ಣೆಯೋ, ನಡಿಗೆಯೋ? ಡ್ರೈ ನೀಡ್ಲಿಂಗ್‌ಗೆ ಹೊರಡುವ ಮೊದಲು

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಸೊಂಟ ನೋವಿಗೂ ಒಂದು ಸೀಸನ್ ಉಂಟು. ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಡುವಾಗ ಗಂಡಸರಿಗೆ ಶುರು. ಕೊಯ್ಲು ಆರಂಭವಾದ ಮೇಲೆ ಬಗ್ಗಿ ಅಡಿಕೆ ಹೆಕ್ಕುವ ಹೆಂಗಸರ ಸರದಿ. ಮಡಿಲಲ್ಲಿ ಮೊರ ಇಟ್ಟುಕೊಂಡು ಬೀಡಿ ಕಟ್ಟುವವರಿಗೆ ಸೀಸನ್ನೇ ಇಲ್ಲ, ವರ್ಷವಿಡೀ ಇರುತ್ತದೆ. ಇತ್ತೀಚೆಗೆ ಇವರೆಲ್ಲ ಫಿಸಿಯೋಥೆರಪಿಗೆ ಬಂದು ಮೊದಲು ಕೇಳುವ ಪ್ರಶ್ನೆ ಒಂದೇ: "ಸೂಜಿ ಹಾಕ್ತೀರಂತಲ್ಲ, ಒಂದೇ ಸಲಕ್ಕೆ ಹೋಗ್ತದಾ?"

ನಾನು ಸೂಜಿ ಹಾಕುವ ಫಿಸಿಯೋ. ಅದರಲ್ಲಿ ನನಗೆ ಸಂಪಾದನೆಯೂ ಉಂಟು. ಅದನ್ನು ಗಮನದಲ್ಲಿಟ್ಟುಕೊಂಡೇ ಮುಂದಿನದ್ದನ್ನು ಓದಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹಳೆಯ ಸೊಂಟ ನೋವಿಗೆ ಡ್ರೈ ನೀಡ್ಲಿಂಗ್, ಅಂದರೆ ಮದ್ದಿಲ್ಲದ ಸಪೂರ ಸೂಜಿಯನ್ನು ಸ್ನಾಯುವಿಗೆ ಚುಚ್ಚುವುದು, ಒಂದು ಒಳ್ಳೆಯ ಸಹಾಯಕ, ಆದರೆ ಅದೊಂದೇ ಚಿಕಿತ್ಸೆ ಎಂದರೆ ದುಡ್ಡು ದಂಡ. ನೋವು ಕೆಲವು ದಿನ ತಗ್ಗುತ್ತದೆ, ಆ ದಿನಗಳಲ್ಲಿ ಮೈ ಬಳಸುವುದನ್ನು ಕಲಿತವನಿಗೆ ಲಾಭ.

ಆಯ್ಕೆಯ ಮಾತಿಗೆ ಮೊದಲು ಆಯ್ಕೆಯೇ ಇಲ್ಲದ ಕೆಲವು ಸಂದರ್ಭಗಳಿವೆ. ಮೂತ್ರ ಕಟ್ಟಿಕೊಂಡರೆ ಅಥವಾ ತಿಳಿಯದೆ ಹೋದರೆ, ಕುಳಿತುಕೊಳ್ಳುವ ಜಾಗ ಮರಗಟ್ಟಿದರೆ, ಪಾದ ಎತ್ತಲಾಗದೆ ಚಪ್ಪಲಿ ಕಳಚಿ ಬೀಳುತ್ತಿದ್ದರೆ, ಸೂಜಿಯೂ ಬೇಡ ಎಣ್ಣೆಯೂ ಬೇಡ. ಎಂಆರ್‌ಐ ಮತ್ತು ಬೆನ್ನುಮೂಳೆಯ ಸರ್ಜನ್ ಇರುವ ಆಸ್ಪತ್ರೆಗೆ ಅದೇ ದಿನ ಹೋಗಬೇಕು. ನಮ್ಮ ಕಡೆಯವರಿಗೆ ಹೆಚ್ಚಾಗಿ ಅದು ಮಂಗಳೂರು. ನರಗಳು ಒತ್ತಿ ಹಿಡಿದ ಈ ಸ್ಥಿತಿಯಲ್ಲಿ ತಡವಾದರೆ ಮೂತ್ರದ ಹಿಡಿತ ಮರಳಿ ಬರದೇ ಹೋಗಬಹುದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಬಂದ ನೋವು, ಮರದಿಂದ ಅಥವಾ ಸ್ಕೂಟರಿನಿಂದ ಬಿದ್ದ ಮೇಲಿನ ನೋವು: ಇವಕ್ಕೂ ಮೊದಲು ವೈದ್ಯರೇ ಆಗಬೇಕು. ಬೆನ್ನುಮೂಳೆಯ ಕ್ಷಯ ನಮ್ಮ ದೇಶದಲ್ಲಿ ಅಪರೂಪದ ಕಾಯಿಲೆಯಲ್ಲ, ತಿಂಗಳುಗಟ್ಟಲೆ ಬರೀ "ಸೊಂಟ ನೋವು" ಎಂದೇ ಓಡಾಡಿಸುತ್ತದೆ.

ಇವೆಲ್ಲ ಕಳೆದರೆ ಉಳಿಯುವುದೇ ಬಹುಪಾಲು. ನೂರರಲ್ಲಿ ಸುಮಾರು ತೊಂಬತ್ತು ಮಂದಿಯ ನೋವಿಗೆ ಇಂಥದ್ದೇ ಎಲುಬು, ಇಂಥದ್ದೇ ಡಿಸ್ಕ್ ಎಂದು ಬೆರಳಿಟ್ಟು ತೋರಿಸಲಾಗುವುದಿಲ್ಲ. ಸ್ಕ್ಯಾನ್ ತೆಗೆಸಿದರೆ ಏನಾದರೊಂದು ಕಂಡೇ ಕಾಣುತ್ತದೆ, ಅದು ಬೇರೆ ಮಾತು. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಇಪ್ಪತ್ತರ ಹರೆಯದವರಲ್ಲೇ 30 ಶೇಕಡಾ ಮಂದಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರವರಲ್ಲಿ ಅದು 84 ಶೇಕಡಾ. ಹಾಗಾಗಿ ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್" ಎಂದು ಕಂಡ ಕೂಡಲೇ ಹೌಹಾರಬೇಡಿ.

ಸೂಜಿಯಲ್ಲಿ ಇರುವುದೇನು

ಡ್ರೈ ನೀಡ್ಲಿಂಗ್‌ನ ಸೂಜಿ ಇಂಜೆಕ್ಷನ್ ಸೂಜಿಯಲ್ಲ. ಒಳಗೆ ಟೊಳ್ಳಿಲ್ಲ, ಮದ್ದೂ ಹೋಗುವುದಿಲ್ಲ. ದಪ್ಪ ಸಾಮಾನ್ಯವಾಗಿ 0.30 ಮಿಲಿಮೀಟರ್ ಆಸುಪಾಸು. "ಎಂತ ಮಾರಾಯ್ರೆ, ಮದ್ದೇ ಇಲ್ಲದ ಸೂಜಿಗೆ ಇಷ್ಟು ದುಡ್ಡಾ?" ಎಂದು ಒಬ್ಬ ಹಿರಿಯ ಕೃಷಿಕರು ಕೇಳಿದ್ದರು. ನ್ಯಾಯವಾದ ಪ್ರಶ್ನೆ. ಆದರೆ ಮದ್ದು ಬೇಕಾಗಿಲ್ಲ ಎಂಬುದೇ ಈ ಪದ್ಧತಿಯ ಹುಟ್ಟಿಗೆ ಕಾರಣ. ಜಾನೆಟ್ ಟ್ರಾವೆಲ್ ಎಂಬ ಅಮೆರಿಕದ ವೈದ್ಯೆ ಸ್ನಾಯುವಿನೊಳಗಿನ ನೋವಿನ ಗಂಟುಗಳಿಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದರು. ಬೆನ್ನು ನೋವಿನಿಂದ ನರಳುತ್ತಿದ್ದ ಅಧ್ಯಕ್ಷ ಕೆನಡಿಗೆ ಶ್ವೇತಭವನದಲ್ಲಿ ವೈದ್ಯರಾಗಿದ್ದವರೂ ಇವರೇ. ಮುಂದೆ 1979ರಲ್ಲಿ ಚೆಕ್ ವೈದ್ಯ ಕಾರೆಲ್ ಲೆವಿಟ್, ನೋವು ತಗ್ಗಿಸುವುದರಲ್ಲಿ ಮದ್ದಿನಷ್ಟೇ ಸೂಜಿಯ ಚುಚ್ಚಿಗೂ ಪಾಲಿದೆ ಎಂದು ಬರೆದರು. ಅಲ್ಲಿಂದ ಒಣ ಸೂಜಿಗೆ ಬೇರೆ ದಾರಿ ತೆರೆಯಿತು.

ಮೇಜಿನ ಮೇಲೆ ನಡೆಯುವುದು ಹೀಗೆ. ಹೊಟ್ಟೆಯಡಿಗೆ ದಿಂಬು ಕೊಟ್ಟು ಕವುಚಿ ಮಲಗಿಸುತ್ತೇವೆ. ಬೆನ್ನೆಲುಬಿನ ಪಕ್ಕದಲ್ಲಿ, ಸೊಂಟದ ಬದಿಯಲ್ಲಿ, ಕುಂಡೆಯ ಮೇಲ್ಭಾಗದಲ್ಲಿ ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಬಿಗಿಯಾದ ಒಂದು ಎಳೆ, ಅದರೊಳಗೆ "ಹಾಂ, ಅದೇ ಅದೇ" ಎನ್ನಿಸುವ ಒಂದು ಜಾಗ ಸಿಗುತ್ತದೆ. ಸ್ಪಿರಿಟ್ ಒರೆಸಿ, ಪ್ಲಾಸ್ಟಿಕ್ ನಳಿಕೆಯೊಳಗಿನ ಸೂಜಿಯ ತುದಿಗೆ ಬೆರಳಿನಿಂದ ಒಂದು ತಟ್ಟು. ಚರ್ಮ ದಾಟುವುದು ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಬೆನ್ನೆಲುಬಿನ ಪಕ್ಕದ ಆಳದ ಸ್ನಾಯುವಿಗಾದರೆ ಸೂಜಿ ಒಳಗೆ ಎಲುಬನ್ನು ಮುಟ್ಟುವ ತನಕ ಮೆಲ್ಲನೆ ಇಳಿಯುತ್ತದೆ. ಸರಿಯಾದ ಜಾಗಕ್ಕೆ ತಾಗಿದಾಗ ಗಾಳಕ್ಕೆ ಮೀನು ಕಚ್ಚಿದ ಹಾಗೆ ಸ್ನಾಯು ಒಮ್ಮೆ ಚಕ್ಕನೆ ಎಳೆಯುತ್ತದೆ. ರೋಗಿಗೂ ಗೊತ್ತಾಗುತ್ತದೆ, ನನ್ನ ಬೆರಳಿಗೂ ಗೊತ್ತಾಗುತ್ತದೆ. ಸೂಜಿಯ ಕೆಲಸವೆಲ್ಲ ಹತ್ತು ಹದಿನೈದು ನಿಮಿಷದ್ದು. ಎದ್ದ ಮೇಲೆ ಬಗ್ಗುವುದು ಸ್ವಲ್ಪ ಸಲೀಸು. ಆಮೇಲೆ ಒಂದೆರಡು ದಿನ ಅಲ್ಲೇ ಕುಟ್ಟಿದಂಥ ಮೈನೋವು.

ಹೇಗೆ ಕೆಲಸ ಮಾಡುತ್ತದೆ ಎಂಬುದರಲ್ಲಿ ತಜ್ಞರಲ್ಲೇ ಜಗಳವಿದೆ. "ಗಂಟು ಒಡೆಯುತ್ತದೆ" ಎಂದು ನಾವು ಹೇಳುವುದು ಮಾತಿನ ಸಲೀಸಿಗೆ. ಆ ಬಿಂದುಗಳನ್ನು ಇಬ್ಬರು ಫಿಸಿಯೋಗಳು ಒಂದೇ ಕಡೆ ಗುರುತಿಸುತ್ತಾರೆಂಬ ಖಾತ್ರಿಯೂ ಇಲ್ಲ. ಸ್ನಾಯುವಿನ ಸೆಳೆತ ತಗ್ಗುವುದು, ಬೆನ್ನುಹುರಿಯ ಮಟ್ಟದಲ್ಲೇ ನೋವಿನ ಸಂದೇಶ ಮಂದವಾಗುವುದು, ಜೊತೆಗೆ ಯಾರೋ ಸರಿಯಾದ ಜಾಗ ಹಿಡಿದರಲ್ಲ ಎಂಬ ಸಮಾಧಾನ, ಮೂರೂ ಸೇರಿರಬೇಕು ಎಂದು ನನ್ನ ಅಂದಾಜು.

ಪ್ರಯೋಜನ ಎಷ್ಟು ಎಂದರೆ, ವಾರಗಳ ಲೆಕ್ಕದಲ್ಲಿ ಉಂಟು, ವರ್ಷದ ಲೆಕ್ಕದಲ್ಲಿ ಸಾಕ್ಷ್ಯ ತೆಳು. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2005ರ ಕಾಕ್ರೇನ್ ವಿಮರ್ಶೆ ಹಳೆಯ ಸೊಂಟ ನೋವಿಗೆ ಇತರ ಚಿಕಿತ್ಸೆಯ ಜೊತೆಗೆ ಇದು ಉಪಯೋಗವಾಗಬಹುದು ಎಂದಿತು, ಆದರೆ ಅಧ್ಯಯನಗಳ ಗುಣಮಟ್ಟ ಚೆನ್ನಾಗಿಲ್ಲ ಎಂದೂ ಹೇಳಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹಳೆಯ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಸೂಜಿ ಚಿಕಿತ್ಸೆಗೆ ಷರತ್ತಿನ ಒಪ್ಪಿಗೆ ಇದೆ. ಬ್ರಿಟನ್‌ನ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ ಮಾತ್ರ 2016ರಲ್ಲೇ ಸೊಂಟ ನೋವಿಗೆ ಅಕ್ಯುಪಂಕ್ಚರ್ (ಇಂಥದ್ದೇ ಸೂಜಿಯ ಚೀನೀ ಪದ್ಧತಿ) ಕೊಡಬೇಡಿ ಎಂದುಬಿಟ್ಟಿತು. ದೊಡ್ಡವರೇ ಹೀಗೆ ಎರಡು ಮಾತಾಡುವಾಗ "ನೂರಕ್ಕೆ ನೂರು ಗುಣ" ಎಂದು ಬೋರ್ಡು ಹಾಕಿದವರನ್ನು ಎಷ್ಟು ನಂಬಬೇಕೆಂಬುದು ನಿಮಗೆ ಬಿಟ್ಟದ್ದು.

ಅಪಾಯದ ಲೆಕ್ಕ ಮಾತ್ರ ಸಾಕಷ್ಟು ಸ್ಪಷ್ಟ. ಐರ್ಲೆಂಡಿನ ಫಿಸಿಯೋಗಳು 7,629 ಚಿಕಿತ್ಸೆಗಳನ್ನು ದಾಖಲಿಸಿದಾಗ ಸುಮಾರು 19 ಶೇಕಡಾ ಸಂದರ್ಭಗಳಲ್ಲಿ ಚಿಕ್ಕಪುಟ್ಟ ತೊಂದರೆ ಕಂಡಿತ್ತು: ನೀಲಿಗಟ್ಟುವುದು, ಒಂದು ಹನಿ ರಕ್ತ, ನೋವು. ದೊಡ್ಡ ಭಯ ಶ್ವಾಸಕೋಶಕ್ಕೆ ಚುಚ್ಚುವುದು. ಸೊಂಟದ ಕೆಳಗೆ ಅದಕ್ಕೆ ಅವಕಾಶ ಕಡಿಮೆ. ಆದರೆ ಕೊನೆಯ ಪಕ್ಕೆಲುಬಿನ ಹತ್ತಿರ, ಸೊಂಟದ ಬದಿಯ ಸ್ನಾಯುವಿಗೆ ಹಾಕುವಾಗ ಶ್ವಾಸಕೋಶವೂ ಮೂತ್ರಪಿಂಡವೂ ದೂರವಿಲ್ಲ, ಅಲ್ಲಿ ಕೈ ಪಳಗಿರಲೇಬೇಕು. ಹೃದಯದ ಕವಾಟ ಬದಲಿಸಿ ರಕ್ತ ತೆಳುವಾಗುವ ಮಾತ್ರೆ ತಿನ್ನುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ, ಅವರಿಗೆ ನಾನು ಸೂಜಿ ಹಾಕುವುದಿಲ್ಲ. ಬಸುರಿಯರಿಗೂ ಇಲ್ಲ. ಸಕ್ಕರೆ ಹತೋಟಿಯಲ್ಲಿಲ್ಲದವರು ಮೊದಲು ಅದನ್ನು ಸರಿಪಡಿಸಿಕೊಂಡು ಬರಲಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಜೋಡಿಸುವ ವಿಧಾನ ಸಲ್ಲ. ಸೂಜಿ ಕಂಡರೆ ಬೆವರುವವರನ್ನು ಒತ್ತಾಯಿಸುವುದೂ ತಪ್ಪು.

ಸೂಜಿಗಳಲ್ಲೇ ಆಯ್ಕೆ

ಅಕ್ಯುಪಂಕ್ಚರ್‌ನಲ್ಲೂ ಹೆಚ್ಚುಕಡಿಮೆ ಇದೇ ಸೂಜಿ, ನಕ್ಷೆ ಬೇರೆ. ಅವರು ಚೀನೀ ವೈದ್ಯದ ನಾಡಿಮಾರ್ಗ ನೋಡುತ್ತಾರೆ, ಕೈಗೋ ಕಾಲಿಗೋ ಚುಚ್ಚುವುದೂ ಉಂಟು, ಸೂಜಿ ಇಟ್ಟು ಅರ್ಧ ಗಂಟೆ ಬಿಡುತ್ತಾರೆ. ನಾವು ಸ್ನಾಯು ಹುಡುಕುತ್ತೇವೆ. ನಮ್ಮ ಕೇಂದ್ರ ಸರಕಾರ 2019ರಲ್ಲಿ ಅಕ್ಯುಪಂಕ್ಚರ್‌ಗೆ ಸ್ವತಂತ್ರ ಪದ್ಧತಿಯೆಂಬ ಮಾನ್ಯತೆ ಕೊಟ್ಟಿದೆ. ಹಳೆಯ ಸೊಂಟ ನೋವಿಗೆ ಇವೆರಡರಲ್ಲಿ ಒಂದು ಇನ್ನೊಂದನ್ನು ಸೋಲಿಸಿದೆ ಎಂದು ನಾನಂತೂ ಹೇಳಲಾರೆ. ಚುಚ್ಚಿನ ಎಳೆತ ಸಹಿಸಲಾಗದವರಿಗೆ ಅಕ್ಯುಪಂಕ್ಚರ್ ಮೃದು.

ಬೆನ್ನುಮೂಳೆಯ ಸಂದಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಇವಕ್ಕೆ ಸಂಬಂಧವೇ ಇಲ್ಲದ್ದು. ಅದು ಆಪರೇಷನ್ ಥಿಯೇಟರಿನಲ್ಲಿ ವೈದ್ಯರು ಮಾಡುವ ಕೆಲಸ. ಕಾಲಿಗೆ ಇಳಿಯುವ ನರದ ನೋವಿಗೆ ಕೆಲವು ವಾರ ತಾತ್ಕಾಲಿಕ ಉಪಶಮನ ಕೊಡಬಹುದು. ಬರೀ ಸೊಂಟ ನೋವಿಗೆ ಅದು ಬೇಡ. ಇನ್ನು ಪೇಟೆಯ ಕ್ಲಿನಿಕ್ಕಿನಲ್ಲಿ ಕುಂಡೆಗೆ ಹಾಕಿಸಿಕೊಳ್ಳುವ ನೋವಿನ ಇಂಜೆಕ್ಷನ್. ಹಿಡಿದುಕೊಂಡ ದಿನಕ್ಕೆ ಸರಿ, ವಾರಕ್ಕೆರಡು ಎಂದಾದರೆ ಹೊಟ್ಟೆಹುಣ್ಣು, ಮೂತ್ರಪಿಂಡ, ಬಿಪಿ ಮೂರಕ್ಕೂ ಕೇಡು.

ಎಣ್ಣೆಯ ದಾರಿ

ಆಟಿ ಬಂತೆಂದರೆ, ಅಂದರೆ ಮಲಯಾಳದವರ ಕರ್ಕಾಟಕ ಮಾಸ, ನಮ್ಮ ಜಿಲ್ಲೆಯ ಆಯುರ್ವೇದ ಆಸ್ಪತ್ರೆಗಳಲ್ಲಿ ಮಂಚ ಸಿಗುವುದಿಲ್ಲ. ಕಟಿವಸ್ತಿ, ಕಿಳಿ (ಮದ್ದಿನ ಗಂಟಿನ ಶಾಖ), ಉಳಿಚ್ಚಿಲ್ (ಎಣ್ಣೆ ಹಾಕಿ ತಿಕ್ಕುವುದು). ನನ್ನ ಸಹೋದ್ಯೋಗಿಗಳಲ್ಲಿ ಕೆಲವರು ಇದನ್ನು ಕೇಳಿದರೆ ಮೂಗು ಮುರಿಯುತ್ತಾರೆ, ನಾನು ಮುರಿಯುವುದಿಲ್ಲ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ, ಬೆಚ್ಚಗಿನ ತೈಲ ಹೊಯ್ದು, ತಣಿದಷ್ಟಕ್ಕೆ ತೆಗೆದು ಮತ್ತೆ ಬಿಸಿ ಮಾಡಿ ಹಾಕುತ್ತಾ ಅರ್ಧ ಮುಕ್ಕಾಲು ಗಂಟೆ ಇಟ್ಟರೆ ಸೆಟೆದ ಸೊಂಟ ಸಡಿಲವಾಗುವುದು ನಿಜ. ಕಟಿವಸ್ತಿಯ ಬಗ್ಗೆ ನಡೆದ ಅಧ್ಯಯನಗಳು ಚಿಕ್ಕವು. ಆದರೆ ಮಸಾಜಿಗೆ ವಿಶ್ವ ಆರೋಗ್ಯ ಸಂಸ್ಥೆಯೂ ಅದೇ 2023ರ ಪಟ್ಟಿಯಲ್ಲಿ ಜಾಗ ಕೊಟ್ಟಿದೆ.

ನನ್ನ ತಕರಾರು ಬೇರೆಯದ್ದು. ಏಳು ಅಥವಾ ಹದಿನಾಲ್ಕು ದಿನ ಒಳರೋಗಿಯಾಗಿ ಇದ್ದವರಿಗೆ ಗುಣವಾಗುವುದರಲ್ಲಿ ಎಣ್ಣೆಯ ಪಾಲೆಷ್ಟು, ಹಟ್ಟಿ ಕೆಲಸದಿಂದ ಸಿಕ್ಕಿದ ರಜೆಯ ಪಾಲೆಷ್ಟು? ಮನೆಗೆ ಬಂದು ಮತ್ತೆ ಅದೇ ಹುಲ್ಲಿನ ಹೊರೆ ಎತ್ತಿದರೆ ನೋವು ಬಾಗಿಲಲ್ಲೇ ಕಾದಿರುತ್ತದೆ. ಸೂಜಿಗೂ ಇದೇ ಕತೆ. ಎಣ್ಣೆಗೆ ಹೋಗುವುದಾದರೆ ಹೊಟ್ಟೆಗೆ ಕೊಡುವ ಕಷಾಯ, ಗುಳಿಗೆಗಳ ಬಗ್ಗೆ ನಿಮ್ಮ ಸಕ್ಕರೆ, ಬಿಪಿ ಡಾಕ್ಟರಿಗೂ ತಿಳಿಸಿ. ಎಲುಬು ಸವೆದ ಅಜ್ಜ ಅಜ್ಜಿಯರನ್ನು ಹಗ್ಗ ಹಿಡಿದು ಕಾಲಿನಿಂದ ತುಳಿಯುವ ಚವಿಟ್ಟಿ ಉಳಿಚ್ಚಿಲ್‌ಗೆ ಖಂಡಿತ ಮಲಗಿಸಬೇಡಿ.

ಹಿಜಾಮದ ಬಗ್ಗೆಯೂ ಕೇಳುವವರಿದ್ದಾರೆ. ಚರ್ಮ ಗೀರಿ ರಕ್ತ ತೆಗೆಯುವ ವಿಧಾನವದು, ಸೋಂಕಿನ ಭಯ ಹೆಚ್ಚು. ಸೊಂಟಕ್ಕೆ ನಾನು ಸೂಚಿಸುವುದಿಲ್ಲ.

ಮಶೀನು, ಬೆಲ್ಟು, ಆಪರೇಷನ್

ಇದನ್ನು ಫಿಸಿಯೋ ಆಗಿ ಬರೆಯುವುದು ಸ್ವಲ್ಪ ಕಷ್ಟ. ನಮ್ಮ ಕ್ಲಿನಿಕ್ಕುಗಳಲ್ಲಿ ಸೊಂಟಕ್ಕೆ ಅತಿ ಹೆಚ್ಚು ಬಳಕೆಯಾಗುವ ಅಲ್ಟ್ರಾಸೌಂಡ್, ಚರ್ಮದ ಮೇಲೆ ಕೊಡುವ ಟೆನ್ಸ್ ಕರೆಂಟ್, ಎಳೆಯುವ ಟ್ರಾಕ್ಷನ್, ಸೊಂಟದ ಬೆಲ್ಟ್ ನಾಲ್ಕನ್ನೂ ಹಳೆಯ ಸೊಂಟ ನೋವಿಗೆ ವಾಡಿಕೆಯಾಗಿ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅದೇ ಮಾರ್ಗಸೂಚಿ ಹೇಳಿದೆ. ಹತ್ತು ದಿನ ಬರೀ ಮಶೀನಿನಡಿ ಮಲಗಿಸಿ ಕಳಿಸುವ ಕಡೆ ನಿಮಗೆ ಸಿಗುವುದು ಮುಖ್ಯವಾಗಿ ಒಂದು ಸಣ್ಣ ನಿದ್ದೆ. ಇಂಥ ಕಡೆಯಲ್ಲಿ ಸೂಜಿಯನ್ನೂ ಪ್ಯಾಕೇಜಿಗೆ ಸೇರಿಸಿದ್ದರೆ ಅದಕ್ಕೆ ಬೆಲೆ ಕೊಡಬೇಕಾಗಿಲ್ಲ.

ಕಾಲಿಗೆ ಚಳಕ್ಕನೆ ಇಳಿಯುವ ನರದ ನೋವಿನಲ್ಲೂ ಎಲ್ಲರಿಗೆ ಆಪರೇಷನ್ ಬೇಡ. ಹೊರಬಂದ ಡಿಸ್ಕಿನ ಚೂರನ್ನು ಶರೀರವೇ ಎಷ್ಟೋ ಸಲ ಕರಗಿಸುತ್ತದೆ. ನೆದರ್ಲೆಂಡ್ಸ್‌ನಲ್ಲಿ 283 ಮಂದಿಯ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ಬೇಗ ನೋವು ಹೋಯಿತು, ಆದರೆ ವರ್ಷ ತುಂಬುವಾಗ ಕಾದವರೂ ಮಾಡಿಸಿಕೊಂಡವರೂ ಸರಿಸಮ. ಕಾಲಿನ ಬಲ ಕುಗ್ಗುತ್ತಿದ್ದರೆ ಮಾತ್ರ ಕಾಯಬಾರದು. ಇಂಥ ನಿಜವಾದ ನರದ ನೋವಿಗೆ ಸೂಜಿಯಿಂದ ಹೆಚ್ಚು ನಿರೀಕ್ಷಿಸಬೇಡಿ. ಕುಂಡೆಯ ಸ್ನಾಯುವಿನಿಂದ ತೊಡೆಯ ಬದಿಗೆ ಇಳಿಯುವ, ನರದ ನೋವಿನಂತೆ ತೋರುವ ಇನ್ನೊಂದು ನೋವಿದೆ, ಅದಕ್ಕೆ ಸೂಜಿ ಚೆನ್ನಾಗಿ ಒಗ್ಗುತ್ತದೆ. ಎರಡನ್ನೂ ಬೇರೆ ಮಾಡಲು ಕಾಲೆತ್ತಿ ನೋಡಬೇಕು, ಬಲ ನೋಡಬೇಕು, ಮಂಡಿಯ ಸುತ್ತಿಗೆ ಪರೀಕ್ಷೆ ಮಾಡಬೇಕು. ಇದ್ಯಾವುದೂ ಮಾಡದೆ ಸೂಜಿ ತೆಗೆದವರ ಮೇಜಿನಿಂದ ಎದ್ದು ಬನ್ನಿ.

ನಡಿಗೆ

ಜಗತ್ತಿನ ಹೆಚ್ಚುಕಡಿಮೆ ಎಲ್ಲ ಮಾರ್ಗಸೂಚಿಗಳು ಒಪ್ಪುವ ಚಿಕಿತ್ಸೆಗೆ ಕಾಸರಗೋಡಿನಲ್ಲಿ ಗಿರಾಕಿಯೇ ಇಲ್ಲ, ಏಕೆಂದರೆ ಅದಕ್ಕೆ ಬಿಲ್ಲಿಲ್ಲ. ಆಸ್ಟ್ರೇಲಿಯಾದಲ್ಲಿ ಸೊಂಟ ನೋವು ಒಮ್ಮೆ ಬಂದು ಹೋದ 701 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಫಿಸಿಯೋ ಸಲಹೆಯೊಂದಿಗೆ ಮೆಲ್ಲಮೆಲ್ಲನೆ ಏರಿಸುವ ನಡಿಗೆ ಕಲಿಸಿದರು, ಗುರಿ ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ. ನೋವು ಮರಳಿ ಬರುವ ಮಧ್ಯಮ ಅವಧಿ ನಡೆದವರಲ್ಲಿ 208 ದಿನ, ನಡೆಯದವರಲ್ಲಿ 112. ಫಲಿತಾಂಶ ಬಂದದ್ದು 2024ರಲ್ಲಿ. "ನಾವು ದಿನವಿಡೀ ತೋಟದಲ್ಲಿ ನಡೆಯುವುದಿಲ್ಲವಾ?" ಎಂದು ಕೇಳುತ್ತೀರಿ. ನಡೆಯುತ್ತೀರಿ, ಆದರೆ ಹತ್ತು ಹೆಜ್ಜೆಗೊಮ್ಮೆ ಬಗ್ಗಿ ಹೆಕ್ಕುತ್ತೀರಿ, ಹೊರುತ್ತೀರಿ, ಜಾರುವ ಏರಿಯಲ್ಲಿ ಬಿಗಿಹಿಡಿದು ಇಳಿಯುತ್ತೀರಿ. ಕೈ ಬೀಸಿ ಸಮತಟ್ಟಿನ ದಾರಿಯಲ್ಲಿ ನಡೆಯುವುದೇ ಬೇರೆ. ಅದರ ಜೊತೆಗೆ ಕುಂಡೆ, ಬೆನ್ನಿನ ಸ್ನಾಯುಗಳಿಗೆ ಬಲ ಕೊಡುವ ಎರಡು ಮೂರು ವ್ಯಾಯಾಮ ಸಾಕು. ಅಡಿಕೆ ಹೆಕ್ಕುವಾಗ ಬುಟ್ಟಿಯನ್ನು ಬದಿಗಿಡದೆ ಎದುರಿಗೇ ಇಟ್ಟುಕೊಳ್ಳಿ, ಸೊಂಟ ತಿರುಚುವುದು ತಪ್ಪುತ್ತದೆ.

ಹಾಗಾದರೆ ಯಾರಿಗೆ ಯಾವುದು? ನಿನ್ನೆ ಮೊನ್ನೆ ಹಿಡಿದುಕೊಂಡ ಸೊಂಟಕ್ಕೆ ಬಿಸಿ ಶಾಖ, ಆದಷ್ಟು ಓಡಾಟ, ಬೇಕಿದ್ದರೆ ವೈದ್ಯರು ಕೊಟ್ಟ ಮಾತ್ರೆ ನಾಲ್ಕು ದಿನ. ಹಾಸಿಗೆ ಹಿಡಿಯಬೇಡಿ. ಹೆಚ್ಚಿನವು ಆರು ವಾರದೊಳಗೆ ತಾವಾಗಿ ಇಳಿಯುತ್ತವೆ, ಸೂಜಿಗೆ ಅವಸರವಿಲ್ಲ. ಮೂರು ತಿಂಗಳು ದಾಟಿದ, ಒತ್ತಿದರೆ ಅಲ್ಲೇ ನೋಯುವ, ವ್ಯಾಯಾಮ ಶುರು ಮಾಡಲು ನೋವೇ ಬಿಡದ ಸೊಂಟ ಇದ್ದರೆ ಸೂಜಿಗೆ ನೀವೇ ಸರಿಯಾದ ಗಿರಾಕಿ. ಮೂರ್ನಾಲ್ಕು ಸಲ ಹಾಕಿಸಿಯೂ ಬಗ್ಗುವುದರಲ್ಲಿ, ನಿದ್ದೆಯಲ್ಲಿ, ಕೆಲಸದಲ್ಲಿ ವ್ಯತ್ಯಾಸ ಕಾಣದಿದ್ದರೆ ನಿಲ್ಲಿಸಿ. ಹತ್ತು ಸಿಟ್ಟಿಂಗಿಗೆ ಮುಂಗಡ ಕಟ್ಟಿಸಿಕೊಳ್ಳುವವರ ಹತ್ತಿರ ಇದನ್ನು ಮೊದಲೇ ಮಾತಾಡಿಕೊಳ್ಳಿ.

ದೂರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಒಂದೂವರೆ ಗಂಟೆ ಬಸ್ಸಿನಲ್ಲಿ ಕೂತು ಹೋಗಿ, ಸೂಜಿ ಹಾಕಿಸಿ, ಮತ್ತೆ ಅಷ್ಟೇ ಹೊತ್ತು ಕೂತು ಬಂದರೆ ಸಡಿಲವಾದ ಸೊಂಟ ತಲಪಾಡಿ ದಾಟುವಷ್ಟರಲ್ಲಿ ಮತ್ತೆ ಬಿಗಿ. ಆಪರೇಷನ್ನಿಗೆ, ಸ್ಕ್ಯಾನಿಗೆ ದೂರ ಹೋಗಿ, ಪದೇ ಪದೇ ಹೋಗಬೇಕಾದದ್ದಕ್ಕೆ ಕುಂಬಳೆಯೋ ಉಪ್ಪಳವೋ ಬದಿಯಡ್ಕವೋ, ಹತ್ತಿರದ್ದು ಸಾಕು. ನೋವನ್ನು ಕನ್ನಡದಲ್ಲೋ ತುಳುವಿನಲ್ಲೋ ಬಿಡಿಸಿ ಹೇಳಿದರೆ ಅರ್ಥವಾಗುವವರು ಸಿಕ್ಕರೆ ಇನ್ನೂ ಒಳ್ಳೆಯದು.

ಹತ್ತಿರದಲ್ಲಿ ಯಾರು ಎಂದು ನೋಡುವಾಗ, ಅವರು ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿದ ಫಿಸಿಯೋ ಹೌದೋ ಎಂದು ಕೇಳಿ, ನಾಚಬೇಡಿ. ಸೂಜಿಯ ತರಬೇತಿ ಎಷ್ಟೋ ಸಲ ಎರಡು ಮೂರು ದಿನದ ಕೋರ್ಸು ಮಾತ್ರ. ಹಾಗಾಗಿ ಎಷ್ಟು ವರ್ಷದಿಂದ ಹಾಕುತ್ತಿದ್ದೀರಿ ಎಂಬುದೂ ಕೇಳಬೇಕಾದ ಪ್ರಶ್ನೆಯೇ. ಸೂಜಿಯ ಪ್ಯಾಕೆಟ್ಟನ್ನು ನಿಮ್ಮೆದುರೇ ಹರಿಯಬೇಕು. ಬಳಸಿದ ಸೂಜಿ ಚುಚ್ಚದಂಥ ಬಿಳಿ ಡಬ್ಬಿಗೆ ಬೀಳಬೇಕು, ಕಸದ ಬುಟ್ಟಿಗಲ್ಲ. ನೀವು ತಿನ್ನುವ ಮಾತ್ರೆಗಳ ಬಗ್ಗೆ ಅವರಾಗಿ ಕೇಳಬೇಕು. ಕೇಳದಿದ್ದರೆ ಅದೇ ಉತ್ತರ.

ಹೋಗುವ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ತಲೆಸುತ್ತು ಬರುವುದು ಹೆಚ್ಚಾಗಿ ಹಸಿದವರಿಗೇ. ಸಡಿಲ ಬಟ್ಟೆ ಇರಲಿ, ಮಾತ್ರೆಯ ಚೀಟಿ ಜೊತೆಗಿರಲಿ. ಆ ಸಂಜೆ ಸ್ಪ್ರೇಯರ್ ಹೊರುವುದು, ಗೋಣಿ ಎತ್ತುವುದು ಬೇಡ. ಬಿಸಿನೀರಿನ ಸ್ನಾನಕ್ಕೆ ಅಡ್ಡಿಯಿಲ್ಲ. ಮರುದಿನ ಬೆಳಿಗ್ಗೆ ಕುಟ್ಟುವ ನೋವಿದ್ದರೂ ಮನೆಯ ಗೇಟಿನಿಂದ ಮುಖ್ಯರಸ್ತೆಯ ತನಕ ಒಮ್ಮೆ ಹೋಗಿ ಬನ್ನಿ. ಮುಂದಿನ ವಾರ ಬರುವಾಗ ಎಷ್ಟು ದೂರ ನಡೆದಿರಿ ಎಂದೇ ನಾನು ಮೊದಲು ಕೇಳುವುದು.